ಮೂರು ಪ್ಲಗ್ಗಿನ ಮೇಲೆ ಕೊಪ್ಪಳಕ್ಕೆ

ಗೆಳೆಯರೇ, ನಾನು ಬೇವೂರಿನ ಗೌಡರ ಹಳೇ ಮೋಟಾರು ಓಡಿಸುವವನು. ಕೂಡಿಟ್ಟ ಪೆಟ್ರೋಲ್ ಹಾಕಿದರೂ ಇವತ್ತು ಮುಂಜಾನೆ ಅದು ಚಾಲೂ ಆಗಲೇ ಇಲ್ಲ. ಹಿಂದಿನ ಸೀಟಿನಲ್ಲಿ ಗೌಡರ ಹೆಂಡತಿ ಹೆರಿಗೆ ನೋವಿಗೆ ಹಲ್ಲು ಕಚ್ಚಿ ಕೂತಿದ್ದರು. ಅವರ ಮೊದಲ ಕೂಸು ದವಾಖಾನೆಯ ದಾರಿಯಲ್ಲೇ ತೀರಿಕೊಂಡಿತ್ತು.

ಗೌಡರು ಹ್ಯಾಂಡಲ್ ತಿರುವಿದರು. ನಾನು ಮುಚ್ಚಳ ತೆರೆದು, ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗಿನ ತಂತಿ ಬಿಚ್ಚಿ ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದೆ. ನೀಲಿ ಕಿಡಿ ಹಾರಿತು. ಹಾಗಾದರೆ ದೋಷ ಪ್ಲಗ್ಗಿನದೇ. ಬಗ್ಗಿ ನೋಡಿದರೆ, ನಾಲ್ಕೂ ಬಿಳಿ ಪ್ಲಗ್ಗುಗಳಿಗೆ ಹಾಲಿನಲ್ಲಿ ಕಲಸಿದ ವಿಭೂತಿ ದಪ್ಪಗೆ ಮೆತ್ತಿತ್ತು. ಕಿಡಿಯೆಲ್ಲ ಆ ಹಸಿಯಲ್ಲೇ ಸೋರಿಹೋಗುತ್ತಿತ್ತು.

“ಯಾರ್ರಿ ಇದನ್ನ ಹಚ್ಚಿದವರು?”

“ನಾನ ಹಚ್ಚೀನಿ,” ಎಂದರು ಗೌಡರ ತಾಯಿ. “ಯುದ್ಧದಾಗ ಪೆಟ್ರೋಲ್ ಸಿಗೂದಿಲ್ಲಂತ ಗಾಡಿ ನಿಲ್ಲಿಸಿದ್ವಿ. ಒಳಗ ನೋಡಿದ್ರ ನಾಕು ಲಿಂಗ ಸಾಲಾಗಿ ಅದಾವ. ಸೋಮವಾರಕ್ಕೊಮ್ಮೆ ಪೂಜಿ ಮಾಡೀನಿ, ಇವತ್ತೂ ಮಾಡೀನಿ. ನೀ ಕೈ ಹಚ್ಚಬ್ಯಾಡ.”

“ಅವ್ವಾರ, ಒರೆಸದಿದ್ರ ಗಾಡಿ ಹೋಗೂದಿಲ್ರಿ.”

ಅಷ್ಟರಲ್ಲಿ ಸೊಸೆ ಚೀರಿದರು. ಅವ್ವ ನನ್ನನ್ನು ಸರಿಸಿ, ತಮ್ಮ ಸೆರಗಿನಿಂದಲೇ ಒಂದೊಂದಾಗಿ ಮೂರನ್ನು ಒರೆಸಿದರು. ನಾಲ್ಕನೆಯದರ ಹತ್ತಿರ ಬಂದು ಸೆರಗನ್ನು ಹಿಂದೆ ಎಳೆದುಕೊಂಡರು.

“ಇದೊಂದರ ಇರ್ಲಿ.”

ವಾದ ಮಾಡುವ ಹೊತ್ತಲ್ಲ. ಮೋಟಾರು ಮೂರರ ಮೇಲೆಯೇ ಕುಂಟುತ್ತ ಕೊಪ್ಪಳ ಮುಟ್ಟಿತು. ಹೆಣ್ಣು ಕೂಸು; ಇಬ್ಬರೂ ಕ್ಷೇಮ.

ದವಾಖಾನೆಯ ಮುಂದೆ ನಿಂತ ಮೋಟಾರಿಗೆ, ಜೊತೆಗೇ ಬಂದಿದ್ದ ಅವ್ವ ಕೈಮುಗಿದರು.

“ನೋಡಪ್ಪಾ, ನಾ ಬಿಟ್ಟ ಆ ಒಂದು ಲಿಂಗ ನಮ್ಮನ್ನ ಕಾಯ್ತು.”

ದುಡಿದ ಮೂರು ಪ್ಲಗ್ಗುಗಳ ಪರವಾಗಿ ನಾನು ತಲೆಯಾಡಿಸಿದೆ.