ಹೊಲಿಗೆ ಅಕ್ಕನ ಮನೆಗೆ ಏಕಾಂತ ಬಂದದ್ದು

ಹೊಲಿಗೆ ಅಕ್ಕ ಸುಳ್ಳು ಹೇಳುವುದರಲ್ಲಿ ಪಳಗಿದವಳು. ಬಟ್ಟೆ ಇನ್ನೂ ಕತ್ತರಿಯ ಮುಖವನ್ನೇ ನೋಡದೆ ಚೀಲದಲ್ಲಿ ಮಲಗಿರುವಾಗ ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡರೆ, "ಎಲ್ಲ ಆಯ್ತಮ್ಮ, ಕಾಜಾ ಒಂದು ಬಾಕಿ, ನಾಳೆ ಬಾ" ಅನ್ನುತ್ತಾಳೆ. ನಾಳೆ ಬಂದವಳಿಗೆ ಗುಂಡಿ ಬಾಕಿ, ನಾಡಿದ್ದು ಬಂದವಳಿಗೆ ಇಸ್ತ್ರಿ ಬಾಕಿ. ಊರಿನವರು ಬೈದುಕೊಂಡೇ ಬರುತ್ತಿದ್ದರು, ಬೈದುಕೊಂಡೇ ಬಟ್ಟೆ ಕೊಡುತ್ತಿದ್ದರು. ಯಾಕೆಂದರೆ ಒಂದು ವಿಷಯದಲ್ಲಿ ಅವಳ ಮಾತು ಯಾವತ್ತೂ ತಪ್ಪಿರಲಿಲ್ಲ. ಶಾಲೆ ತೆರೆಯುವ ದಿನ ಊರಿನ ಅಷ್ಟೂ ಮಕ್ಕಳ ಮೈಮೇಲೆ ಅವಳು ಹೊಲಿದ ಯೂನಿಫಾರ್ಮು ಇರುತ್ತಿತ್ತು. ವರ್ಷದ ಬದುಕು ಅವಳಿಗೆ ಅದರಲ್ಲೇ ಆಗಬೇಕು, ಮಿಕ್ಕ ಅಂಗಿ ಲಂಗಗಳೆಲ್ಲ ಉಪ್ಪು ಮೆಣಸಿಗೆ.

ಅಪ್ಪ ತೀರಿಕೊಂಡಾಗ ಅವಳಿನ್ನೂ ಹುಡುಗಿ. ಕಾಲಲ್ಲಿ ತುಳಿಯುವ ಮಷೀನೊಂದನ್ನು ಮುಂದಿನ ಕೋಣೆಯ ಕಿಟಕಿ ಪಕ್ಕ ಇಟ್ಟುಕೊಂಡು ಕೂತವಳು ಮತ್ತೆ ಎದ್ದದ್ದೇ ಕಡಿಮೆ. ತಮ್ಮನ ಶಾಲೆ, ಕಾಲೇಜು, ಅವನ ಮದುವೆಯ ಕೋಟು ಎಲ್ಲವೂ ಆ ಮಷೀನಿನಿಂದಲೇ ಹೊರಬಿದ್ದವು. ಅವಳನ್ನೂ ಹೆಣ್ಣು ನೋಡಲು ಬಂದವರಿದ್ದರು. ಆದರೆ ಬಂದವರೆಲ್ಲ ಅದೇನು ಗ್ರಹಚಾರವೋ ಶಾಲೆ ತೆರೆಯುವ ಮುಂಚಿನ ತಿಂಗಳಲ್ಲೇ ಬರುತ್ತಿದ್ದರು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು "ಹ್ಞೂಂ, ಹ್ಞೂಂ" ಅನ್ನುತ್ತಿದ್ದಳು. ಹೆಣ್ಣಿಗೆ ಮಾತು ಬರುವುದಿಲ್ಲ ಎಂದುಕೊಂಡು ಅವರು ಎದ್ದುಹೋಗುತ್ತಿದ್ದರು. ಅವಳಿಗೆ ಮಾತು ಬರುವುದಿಲ್ಲ ಎಂದು ನಂಬಿದವರು ಈ ಭೂಮಿಯ ಮೇಲೆ ಅವರಷ್ಟೇ.

ಮನೆ ಊರಂಚಿನಲ್ಲಿತ್ತು. ದಪ್ಪ ಗೋಡೆ, ಹೆಂಚಿನ ಮಾಡು, ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲುಗಳು, ಹಿಂದೆ ದನವಿಲ್ಲದ ಕೊಟ್ಟಿಗೆ. ಅಪ್ಪ ಅದನ್ನು ಅಕ್ಕ ತಮ್ಮ ಇಬ್ಬರ ಹೆಸರಿಗೂ ಸರಿಸಮ ಮಾಡಿಟ್ಟು ಹೋಗಿದ್ದ. ತಮ್ಮ ಪಟ್ಟಣದಲ್ಲಿದ್ದುದರಿಂದ ಆ ಸರಿಸಮದ ಗೊಡವೆ ಯಾರಿಗೂ ಬಂದಿರಲಿಲ್ಲ.

ತಮ್ಮನ ಕೆಲಸ ಏನೆಂದು ಅಕ್ಕನಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಕಂಪನಿಯೊಂದರ ನೌಕರರಿಗೆ ಶಾಂತವಾಗಿರುವುದು ಹೇಗೆಂದು ಪರದೆಯ ಮೇಲೆ ಪಾಠ ಹೇಳುವುದು ಅವನ ಕೆಲಸ. ಉಸಿರು ಒಳಗೆ ತಗೊಳ್ಳಿ, ಉಸಿರು ಹೊರಗೆ ಬಿಡಿ ಎನ್ನುವುದಕ್ಕೆ ಸಂಬಳ ಕೊಡುವವರಿದ್ದಾರೆ ಎಂದು ಗೊತ್ತಾದ ದಿನ ಅಕ್ಕ ಅರ್ಧ ಗಂಟೆ ನಕ್ಕಿದ್ದಳು. ಈಗ ಕಂಪನಿಯವರು ಮನೆಯಿಂದಲೇ ಪಾಠ ಮಾಡು ಅಂದರು. ಪಟ್ಟಣದ ಮನೆಯಲ್ಲಿ ಮೇಲಿನವರು ಗೋಡೆಗೆ ಡ್ರಿಲ್ ಹಾಕುತ್ತಿದ್ದರು. ಅವರ ಮೇಲೆ ಕೂಗಾಡಿ ಕೂಗಾಡಿ ಶಾಂತಿಯ ಗುರುವಿನ ಗಂಟಲು ಬಿದ್ದುಹೋಯಿತು. ಕಡೆಗೆ ಹೆಂಡತಿಯನ್ನೂ ಒಬ್ಬ ಡಿಸೈನರನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಬಂದಿಳಿದ.

"ಈ ಮನೇಲಿ ಎಂಥ ಮೌನ ಇದೆ ಅಕ್ಕ" ಅಂದ. ಮಷೀನು ಆಗಲೂ ಓಡುತ್ತಿತ್ತು.

ಡಿಸೈನರ್ ಮಹಾಶಯ ಮೊದಲು ಎಲ್ಲರಿಗೂ ಸುಮ್ಮನಿರಲು ಹೇಳಿ, ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ನಡೆದ. ಮನೆ ಮಾತಾಡುತ್ತದಂತೆ, ನಾವು ಕೇಳಿಸಿಕೊಳ್ಳಬೇಕಂತೆ. ನಡುಮನೆಯ ಬಾಗಿಲಿನ ಮೇಲುಪಟ್ಟಿ ಅವನ ಹಣೆಗೆ ಫಟ್ಟೆಂದು ಬಡಿಯಿತು. ಮನೆ ಮೊದಲು ಹೇಳಿದ್ದು ಅದನ್ನೇ, ಅವನಿಗೆ ಅರ್ಥವಾಗಲಿಲ್ಲ. ಹಣೆ ಉಜ್ಜಿಕೊಳ್ಳುತ್ತ ಕಾಗದ ಹರಡಿ ಗೆರೆ ಎಳೆದ. ಬೆಳಕು ಚೆಲ್ಲುವ ಮುಂದಿನ ಕೋಣೆ ತಮ್ಮನ ಆಫೀಸು. ಹಿಂದಿನ ಕೊಟ್ಟಿಗೆ ರಿಟ್ರೀಟು, ಅಂದರೆ ಏಕಾಂತದ ಕೋಣೆ.

"ಅಲ್ಲಿ ಕೂತು ಏನು ಮಾಡ್ತಾರೆ?" ಅಕ್ಕ ಕೇಳಿದಳು.

"ಏನೂ ಮಾಡಲ್ಲ ಮೇಡಂ. ಏನೂ ಮಾಡದೇ ಇರೋದಕ್ಕೇ ಆ ಜಾಗ."

"ಅದಕ್ಕೆ ಇಷ್ಟೊಂದು ಸಿಮೆಂಟು ಬೇಕಾ?"

ನಾದಿನಿ, ಅಂದರೆ ತಮ್ಮನ ಹೆಂಡತಿ, ಮುಖ ತಿರುಗಿಸಿಕೊಂಡಳು. ತಮ್ಮ ನಕ್ಕ. ಅಕ್ಕ ಬಿಡಲಿಲ್ಲ. "ನನ್ನ ಮಷೀನು ಎಲ್ಲಿಡ್ತೀರಿ?"

ಅಟ್ಟದ ಮೆಟ್ಟಿಲ ಕೆಳಗೆ ಅವಳಿಗೊಂದು ಕ್ರಾಫ್ಟ್ ಕಾರ್ನರ್ ಇತ್ತು, ಕಾಗದದ ಮೇಲೆ. "ಆ ಕತ್ತಲಲ್ಲಿ ಕಪ್ಪು ಪ್ಯಾಂಟು ಹೊಲಿಯೋದು ಹೇಗಪ್ಪ?" ಎಂದರೆ ಡಿಸೈನರ್, "ಮೂಡ್ ಲೈಟ್ ಹಾಕ್ತೀವಿ" ಅಂದ. "ನನಗೆ ಮೂಡ್ ಬೇಡ, ದಾರ ಕಂಡರೆ ಸಾಕು" ಅಂದಳು ಅಕ್ಕ. ಡಿಸೈನರ್ ಅದನ್ನೂ ಬರೆದುಕೊಂಡ. ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ, ಅದೊಂದು ರೀತಿಯ ಕಿವುಡು.

ದಾರ ಕಾಣುವ ವಿಷಯದಲ್ಲಿ ಅಕ್ಕನಿಗೆ ಬೇರೆಯೇ ತಾಪತ್ರಯವಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಕಣ್ಣಿಗೆ ಆಪರೇಷನ್ ಆಗಿ, ಔಷಧಿ ಹಾಕಿಸಿಕೊಂಡು, ಚಿಕ್ಕಮ್ಮನ ಮಗಳ ಮನೆಯಲ್ಲಿ ಕೆಲವು ವಾರ ಇದ್ದು ಬರಬೇಕಿತ್ತು. ಹೋಗುವ ಮುಂಚೆ ಯೂನಿಫಾರ್ಮಿನ ಬಟ್ಟೆಯನ್ನೆಲ್ಲ ಕತ್ತರಿಸಿ, ಮಗುವಿಗೊಂದರಂತೆ ಗಂಟು ಕಟ್ಟಿ ಅಟ್ಟದ ಮೇಲಿಟ್ಟಳು. ಬಂದ ಮೇಲೆ ಹೊಲಿಯುವುದಷ್ಟೇ ಬಾಕಿ, ಈ ಸಲ ನಿಜವಾಗಿಯೂ.

"ಏನು ಬೇಕಾದ್ರೂ ಒಡೀರಿ, ಮಷೀನಿಗೆ ಮಾತ್ರ ಕೈ ಹಚ್ಚಬೇಡಿ" ಎಂದು ತಮ್ಮನಿಗೆ ಹೇಳಿದಳು.

"ಅದಕ್ಕೆ ಇಡೀ ಮನೇಲೇ ಒಳ್ಳೇ ಜಾಗ ಕೊಡ್ತೀನಿ ಅಕ್ಕ, ನೀನು ಬಂದು ನೋಡು" ಎಂದ ತಮ್ಮ. ಅವನು ಆಣೆ ಮಾಡುವವನ ಹಾಗೆ ಎದೆ ಮೇಲೆ ಕೈ ಇಟ್ಟುಕೊಂಡಿದ್ದ. ಪಾಪ, ಅವನು ಸುಳ್ಳು ಹೇಳಿರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಅಕ್ಕ ಬಂದಿಳಿದಾಗ ಮನೆಯ ಗುರುತೇ ಹತ್ತಲಿಲ್ಲ. ಮುಂದಿನ ಕೋಣೆಯಲ್ಲಿ ಒಂದೇ ಮರದಿಂದ ಕೊಯ್ದ ಹಲಗೆಯ ಮೇಜು ಗೋಡೆಯಿಂದ ಗೋಡೆಗೆ ಹಬ್ಬಿತ್ತು. ಬಾಗಿಲಲ್ಲಿ ತೂರದ್ದಕ್ಕೆ ಕಿಟಕಿ ಒಡೆದು ಒಳಗೆ ತಂದು, ಮತ್ತೆ ಕಿಟಕಿ ಕೂರಿಸಿದ್ದರು. ಕಪಾಟಿನಲ್ಲಿ ಬೆನ್ನಿನ ಬಣ್ಣ ನೋಡಿ ಕೊಂಡ ಪುಸ್ತಕಗಳು ತಿಳಿಹಸಿರಿನಿಂದ ಕಡುಹಸಿರಿಗೆ ಸಾಲಾಗಿ ನಿಂತಿದ್ದವು. ಅಷ್ಟು ದೊಡ್ಡ ಮೇಜಿನ ಮೇಲೆ ಇದ್ದದ್ದು ಒಂದು ಲ್ಯಾಪ್‌ಟಾಪು ಮತ್ತು ಒಂದು ಕಲ್ಲು. ಕಲ್ಲು ಯಾಕೆಂದು ಕೇಳಲು ಅಕ್ಕನಿಗೆ ಧೈರ್ಯ ಸಾಲಲಿಲ್ಲ.

"ಕಣ್ಣು ಮುಚ್ಕೋ ಅಕ್ಕ" ಎಂದ ತಮ್ಮ. ಈಗಷ್ಟೇ ದುಡ್ಡು ಕೊಟ್ಟು ಕಣ್ಣು ತೆರೆಸಿಕೊಂಡು ಬಂದವಳು ಮುಚ್ಚಿಕೊಂಡಳು. ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದ. "ಈಗ ತೆಗಿ."

ಕೊಟ್ಟಿಗೆ ಬೆಳ್ಳಗೆ ಬೆಳಗುತ್ತಿತ್ತು. ನೆಲದಲ್ಲಿ ದಿಂಬು, ಮೂಲೆಯಲ್ಲಿ ಬೆಣಚುಕಲ್ಲು. ಎದುರು ಗೋಡೆಗೆ ಕೈ ತೊಳೆಯುವ ಬೇಸಿನ್. ಬೇಸಿನ್ ಕೂತದ್ದು ಅವಳ ಮಷೀನಿನ ಕಬ್ಬಿಣದ ಕಾಲುಗಳ ಮೇಲೆ. ಕಾಲಿಗೆ ಹೊಳೆಯುವ ಕಪ್ಪು ಬಣ್ಣ ಬಳಿದಿದ್ದರು. ಮೇಲಿನ ಹಲಗೆ ಹೋಗಿತ್ತು. ಪೈಪು ಇಳಿಯಲು ಅಡ್ಡ ಬಂದದ್ದಕ್ಕೆ ಚಕ್ರ, ಕಡ್ಡಿ, ಬೆಲ್ಟು ಗುಜರಿಯವನ ಪಾಲಾಗಿದ್ದವು. ಮಷೀನಿನ ತಲೆ ಮಾತ್ರ ಗೋಡೆಯ ಗೂಡೊಂದರಲ್ಲಿ, ಕೆಳಗಿನಿಂದ ಬೀಳುವ ಹಳದಿ ಬೆಳಕಿನಲ್ಲಿ ಬಹುಮಾನದ ಟ್ರೋಫಿಯಂತೆ ಕೂತಿತ್ತು.

"ಈ ಕಾರ್ನರಿಗೆ 'ನೆನಪು' ಅಂತ ಹೆಸರಿಟ್ಟಿದೀವಿ" ಎಂದ ಡಿಸೈನರ್.

ತಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನೀನು ನನಗೋಸ್ಕರ ಪಟ್ಟ ಕಷ್ಟ ಈ ಮನೆ ಮರೀಬಾರದು ಅಕ್ಕ."

ಬದುಕಿರುವವರಿಗೆ ಸ್ಮಾರಕ ಕಟ್ಟುವುದರಲ್ಲಿ ಒಂದು ಅನುಕೂಲವಿದೆ, ಉದ್ಘಾಟನೆಗೆ ಅವರನ್ನೇ ಕರೆಯಬಹುದು. ಅಕ್ಕ ಆ ಬೇಸಿನ್ನನ್ನು ನೋಡಿದಳು. ಅಷ್ಟು ಸ್ಪಷ್ಟವಾಗಿ ಎಷ್ಟೋ ವರ್ಷಗಳಿಂದ ಅವಳಿಗೆ ಏನೂ ಕಂಡಿರಲಿಲ್ಲ. "ಯೂನಿಫಾರ್ಮು ಹೊಲೀಬೇಕಲ್ಲೋ" ಎಂದಳು.

"ಇನ್ನೂ ಯಾಕೆ ಅತ್ತಿಗೆ ಅದೆಲ್ಲ?" ಎಂದಳು ನಾದಿನಿ. "ಮಕ್ಕಳ ತಾಯಂದಿರು ಬಂದಿದ್ರು, ನೀವು ಹೊಲಿಯೋದು ಬಿಟ್ರಿ ಅಂತ ನಾನೇ ಹೇಳಿ ಕಳಿಸಿದೆ. ಶಾಲೆಯವರು ರೆಡಿಮೇಡಿಗೆ ಹೇಳ್ತಾರಂತೆ. ನೀವು ಬೆಳಗ್ಗೆ ಇಲ್ಲಿ ಬಂದು ಆರಾಮಾಗಿ ಕೂತು ಉಸಿರು ಗಮನಿಸಿ."

ಒಮ್ಮೆ ರೆಡಿಮೇಡಿಗೆ ಹೋದ ಶಾಲೆ ತಿರುಗಿ ಬರುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ತಮ್ಮ ಅನ್ನ ಹಾಕುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಅನ್ನ ಹಾಕಿಸಿಕೊಳ್ಳುವವಳಾಗಿ ಅವಳು ಒಂದು ದಿನವೂ ಬದುಕಿರಲಿಲ್ಲ. ಅಟ್ಟದ ಮೇಲಿನ ಗಂಟುಗಳನ್ನು ನೆನೆದು ಆ ದಿನ ಅವಳಿಗೆ ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ಪತ್ರಿಕೆಯೊಂದಕ್ಕೆ ಫೋಟೋ ತೆಗೆಯುವವನು ಬಂದ. ಹಸಿರು ಪುಸ್ತಕಗಳ ಮುಂದೆ ತಮ್ಮನನ್ನೂ, ದಿಂಬಿನ ಮೇಲೆ ನಾದಿನಿಯನ್ನೂ ಕೂರಿಸಿ ತೆಗೆದ. ಅಕ್ಕನಿಗೆ ಬೇಸಿನ್ನಿನ ಮುಂದೆ ಸ್ಟೂಲು ಹಾಕಿ, "ಕಾಲು ಪೆಡಲಿನ ಮೇಲಿಡಿ ಅಮ್ಮ, ಹೊಲಿಯೋ ಹಾಗೆ. ಸ್ವಲ್ಪ ನಗಿ" ಅಂದ. ಹಿಂದಿನಿಂದ ತಮ್ಮ ಯಾರಿಗೋ ಹೇಳುತ್ತಿದ್ದ, ಈ ಮನೆಯ ಆತ್ಮ ನಮ್ಮ ಅಕ್ಕ ಎಂದು.

ಅಕ್ಕ ಕಾಲಿಟ್ಟಳು. ಚಕ್ರವಿಲ್ಲದ ಪೆಡಲು ಲಟಕ್ಕೆಂದು ಕೆಳಗೆ ಬಿತ್ತು. ಇಷ್ಟು ವರ್ಷ ತುಳಿದ ಕಾಲಿಗೆ ಎದುರು ಒತ್ತುವುದು ಏನೂ ಸಿಗಲಿಲ್ಲ. ಪಿತ್ತ ನೆತ್ತಿಗೇರಿತು. ಸ್ಟೂಲಿನಿಂದ ಎದ್ದು, ಚಪ್ಪಲಿ ಮೆಟ್ಟಿ, ಸೀದಾ ಬಡಗಿಯ ಅಂಗಡಿಗೆ ನಡೆದಳು.

ಬಡಗಿ ಅವಳನ್ನು ಕಂಡದ್ದೇ ಎದ್ದು ನಿಂತ. "ಅಕ್ಕನ್ನ ಕೇಳಿದೀವಿ ಅಂತ ನಿಮ್ಮ ತಮ್ಮ ಅಂದ್ರಕ್ಕ. ಇಲ್ದಿದ್ರೆ ಆ ಮಷೀನಿನ ಹಲಗೆ ಬಿಚ್ಚೋಕೆ ನನಗೆ ಕೈ ಬರ್ತಿತ್ತಾ?"

"ಇರಲಿ ಬಿಡು. ಇನ್ನೊಂದು ಹಲಗೆ ಕೊಯ್ಯೋದಿದೆ" ಅಂದಳು ಅಕ್ಕ. ಅಲ್ಲಿಂದ ಮಷೀನು ರಿಪೇರಿಯವನ ಹತ್ತಿರ ಹೋಗಿ, ಮಷೀನಿನ ತಲೆಯ ಪಕ್ಕಕ್ಕೆ ಬಿಗಿಯುವಂಥ ಚಿಕ್ಕ ಕರೆಂಟು ಮೋಟರು ತಂದಳು. ಕಾಲಿಗೆ ಬೇರೆ ಪೆಡಲು ಅದರ ಜೊತೆಗೇ ಬರುತ್ತದೆ.

ಮರುದಿನ ಬೆಳಗ್ಗೆ ತಮ್ಮನಿಗೆ ದೊಡ್ಡ ಪಾಠವಿತ್ತು. ಅವತ್ತು ಅವನ ಮೇಲಧಿಕಾರಿಯೂ ಪರದೆಯಲ್ಲಿ ಕೂತಿದ್ದರು. ವಿಷಯ, ಕೋಪ. "ಕೋಪ ಬಂದಾಗ ಅದನ್ನ ಮೋಡದ ಹಾಗೆ ನೋಡಿ" ಎಂದು ತಮ್ಮ ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದ. "ಅದು ಬರುತ್ತೆ, ಅದು ಹೋಗುತ್ತೆ."

ಹೋಗಲಿಲ್ಲ, ಬಂತು. ಮಷೀನಿನ ತಲೆಯನ್ನು ಕೂಸಿನಂತೆ ಎದೆಗವಚಿಕೊಂಡು ಅಕ್ಕ ಬಂದಳು, ಅವಳ ಹಿಂದೆ ಗರಗಸ ಹಿಡಿದ ಬಡಗಿ, ಬಡಗಿಯ ಹಿಂದೆ ಅಕ್ಕ ಹೇಳಿ ಕರೆಸಿದ್ದ ಒಬ್ಬಳು ತಾಯಿ, ಅಟ್ಟದಿಂದ ಇಳಿಸಿದ ಮಗಳ ಯೂನಿಫಾರ್ಮಿನ ಗಂಟು ಹಿಡಿದುಕೊಂಡು. ಅಕ್ಕ ಮೇಜಿನ ಆ ತುದಿಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಮಷೀನು ಕೂರುವಷ್ಟು ಚೌಕಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಬಡಗಿ ಮೂಲೆಗೊಂದು ತೂತು ಕೊರೆದು ಗರಗಸ ತೂರಿಸಿದ.

ತಮ್ಮ ತಡಬಡಾಯಿಸಿ ಪಾಠದ ದನಿ ಬಂದ್ ಮಾಡಿದ. "ಅಕ್ಕ, ಏನು ಮಾಡ್ತಿದೀಯ? ಒಂದೇ ಮರದ ಹಲಗೆ ಅದು!"

"ನನಗೂ ಇದ್ದದ್ದು ಒಂದೇ ಮಷೀನು."

"ಒಂದು ಮಾತು ಕೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಗರಗಸ ಓಡುತ್ತಲೇ ಇತ್ತು. ತಮ್ಮನ ಮುಖ ಕೆಂಪಾಗಿ, ಕೈ ಮೇಜಿನ ಮೇಲಿನ ಕಲ್ಲಿನ ಕಡೆ ಹೋಗಿ, ಅಲ್ಲೇ ನಿಂತಿತು. ಪರದೆಯ ಚೌಕಗಳಲ್ಲಿ ಕಂಪನಿಯ ನೌಕರರೆಲ್ಲ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ಅಷ್ಟು ಗಮನ ಕೊಟ್ಟು ಅವನ ಪಾಠವನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ನಿನ್ನನ್ನ ಎದ್ದು ಹೋಗು ಅಂತಿಲ್ಲ ನಾನು" ಎಂದಳು ಅಕ್ಕ. "ಮನೆ ಇಬ್ಬರದೂ. ಆ ಕಡೆ ನೀನು ಕೂತ್ಕೋ, ಈ ಕಡೆ ನಾನು. ನನ್ನ ಕಷ್ಟ ಗೋಡೆಗೆ ಹಾಕೋಕೆ ನಾನಿನ್ನೂ ಸತ್ತಿಲ್ಲ. ಶಾಲೆ ತೆರೆಯೋದು ಹತ್ತಿರ ಬಂತು."

ಚೌಕದ ತುಂಡು ಕಳಚಿ ಕೆಳಗೆ ಬಿತ್ತು. ಬಡಗಿ ಮಷೀನಿನ ತಲೆಯನ್ನು ಆ ಕಿಂಡಿಯಲ್ಲಿ ಕೂರಿಸಿ, ಮೋಟರು ಬಿಗಿದು, ಪ್ಲಗ್ಗು ಸಿಕ್ಕಿಸಿದ. ಅಕ್ಕ ಮಗುವಿನ ಗಂಟು ಬಿಚ್ಚಿ ತೋಳಿನ ತುಂಡನ್ನು ಸೂಜಿಯ ಕೆಳಗಿಟ್ಟಳು. ಪೆಡಲಿಗೆ ಕಾಲು ಸೋಕಿದ್ದೇ ಮಷೀನು ಹುಚ್ಚು ಹಿಡಿದಂತೆ ಮುಂದಕ್ಕೋಡಿತು. ಬೈದು, ಬಿಚ್ಚಿ, ಮತ್ತೆ ಇಟ್ಟಳು. ಎರಡನೇ ಸಲ ಹೊಲಿಗೆ ನೆಟ್ಟಗೆ ಬಂತು. ನಾದಿನಿ ಬಾಗಿಲ ತನಕ ಬಂದು, ನೋಡಿ, ಏಕಾಂತದ ಕೋಣೆಗೆ ಹೋದಳು.

ಪರದೆಯಲ್ಲಿ ಮೇಲಧಿಕಾರಿ ಏನೋ ಕೈ ಸನ್ನೆ ಮಾಡುತ್ತಿದ್ದರು. ತಮ್ಮ ಪಾಠದ ದನಿ ಮತ್ತೆ ತೆರೆದ. "ನಿಮ್ಮ ಹಿಂದೆ ಯಾರದು?" ಎಂದು ಕೇಳಿದರು ಅವರು.

ಮನೆಯ ಆತ್ಮ, ತಾಯಿಯಂಥವಳು, ನನ್ನ ಸ್ಫೂರ್ತಿ, ಇಂಥ ಮಾತುಗಳಿಗೆ ತಮ್ಮನಲ್ಲಿ ಯಾವತ್ತೂ ಬರವಿರಲಿಲ್ಲ. ಒಂದು ಸಲ ತಿರುಗಿ ನೋಡಿದ. ಅಕ್ಕ ಕನ್ನಡಕ ತೆಗೆದಿಟ್ಟು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬಗ್ಗಿದ್ದಳು.

"ನಮ್ಮಕ್ಕ, ಸಾರ್" ಎಂದ. "ಟೈಲರ್. ಇದು ಅವಳು ಕೆಲಸ ಮಾಡೋ ಕೋಣೆ."

ಅಕ್ಕನ ಕಾಲು ಪೆಡಲಿನ ಮೇಲೆ ಒಂದು ಕ್ಷಣ ನಿಂತಿತು. ಗುಂಡುಸೂಜಿ ಬಾಯಿಂದ ತೆಗೆದು, ಕಾದು ನಿಂತಿದ್ದ ತಾಯಿಯ ಕಡೆ ತಿರುಗಿದಳು.

"ಕೇಳಿಸ್ತಾ? ಹೋಗಿ ಶಾಲೇಲಿ ಹೇಳು."