ಪರ್ಕಳದ ಸಾಂಬಾ ಮಾಷ್ಟ್ರು

ಅವರ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ನಡುಗೆಣ್ಣಿನಲ್ಲಿ ಬಾಗಿ, ಅಂಗಡಿಯಲ್ಲಿ ಬಾಳೆಗೊನೆ ನೇತುಹಾಕುವ ಕೊಕ್ಕೆಯಂತೆ ನಿಂತಿರುತ್ತಿತ್ತು. ಪ್ರವಾಸಿ ಹಡಗೊಂದರ ಲಾಂಡ್ರಿಯಲ್ಲಿ, ಹಾಸಿಗೆಯ ಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ಹಾಯಿಸುವ ಯಂತ್ರಕ್ಕೆ ಸಿಕ್ಕಿದ ಬೆರಳು ಅದು. ಅದನ್ನು ಎತ್ತಿ ಹಿಡಿದರೆ ಮೊದಲನೆಯ ವರಸೆ ಬಾರಿಸಬೇಕೆಂದು ನಮ್ಮ ಡ್ರಮ್ ತಂಡಕ್ಕೆ ಸೂಚನೆ. ಹೊಸಬರಿಗೆ ಅದು ಗೊತ್ತಿರುತ್ತಿರಲಿಲ್ಲ. ತಮ್ಮನ್ನೇ ಕರೆದರೆಂದು ಡ್ರಮ್ ಹೊತ್ತುಕೊಂಡು ಅವರ ಬಳಿಗೆ ನಡೆದುಬಿಡುತ್ತಿದ್ದರು.

"ಕರೆದದ್ದಲ್ಲ ಮಾರಾಯ್ರೆ. ಅಲ್ಲೇ ನಿಲ್ಲಿ. ಬೆರಳು ಇರುವುದೇ ಹಾಗೆ" ಎನ್ನುತ್ತಿದ್ದರು ಮಾಷ್ಟ್ರು.

ಅವರು ಯಾವ ಶಾಲೆಯ ಮಾಷ್ಟ್ರೂ ಆಗಿರಲಿಲ್ಲ. ಕಾಪುವಿನವರು. ಹಡಗಿನಲ್ಲಿ ಇಪ್ಪತ್ತು ವರ್ಷ ಬಟ್ಟೆ ಒಗೆದು, ಎರಡೂ ಮೊಣಕಾಲು ಸವೆದ ಮೇಲೆ ಊರಿಗೆ ಮರಳಿದ್ದರು. ಪಾಳಿ ಮುಗಿದ ಮೇಲೆ ಹಡಗಿನ ಕೆಳ ಅಂತಸ್ತಿನಲ್ಲಿ ಬ್ರೆಜಿಲ್ ದೇಶದ ಕೆಲಸಗಾರರು ಬಕೆಟ್ಟು, ತಟ್ಟೆ ಬಡಿದು ತಮ್ಮ ನಾಡಿನ ಕುಣಿತದ ತಾಳವಾದ ಸಾಂಬಾ ನುಡಿಸುತ್ತಿದ್ದರಂತೆ. ಇವರು ಮೊದಲು ನಿದ್ದೆಗೆಡಿಸುತ್ತಾರೆಂದು ಜಗಳವಾಡಿ, ಆಮೇಲೆ ಅವರ ನಡುವೆ ಕುಳಿತು ಕಲಿತವರು. ಊರಿಗೆ ಬಂದವರು ನೀಲಿ ನೀರಿನ ಪೀಪಾಯಿಗಳನ್ನು ಕತ್ತರಿಸಿ, ಕಬ್ಬಿಣದ ಬಳೆ ಕೂಡಿಸಿ, ಡ್ರಮ್ ಮಾಡಿದರು. ಪರ್ಕಳದ ಮದುವೆ ಹಾಲೊಂದರ ಹಿಂದಿನ ವಾಹನ ನಿಲ್ಲಿಸುವ ಜಾಗದಲ್ಲಿ ಭಾನುವಾರ ಬೆಳಿಗ್ಗೆ ಅಭ್ಯಾಸ. ಬರುವವರು ನನ್ನನ್ನೂ ಸೇರಿಸಿ ಇಪ್ಪತ್ತೆರಡು ಮಂದಿ: ಆಸ್ಪತ್ರೆಯ ನರ್ಸುಗಳು, ಮೊಬೈಲ್ ಅಂಗಡಿಯವರು, ಒಬ್ಬ ರಿಕ್ಷಾ ಚಾಲಕ, ಮಣಿಪಾಲದ ಹಾಸ್ಟೆಲ್ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಬಾಗಲಕೋಟೆ ಕಡೆಯ ಅಕ್ಕ. ವಾರವಿಡೀ ದುಡಿದು ದಣಿದವರೇ ಎಲ್ಲರೂ. ಅಲ್ಲಿಗೂ ದಣಿಯುವುದಕ್ಕೇ ಬರುತ್ತಿದ್ದರು.

ನಾನು ಹೋದದ್ದು ವರದಿಗೆ. ಗದ್ದಲವಾಗುತ್ತದೆ ಎಂದು ಹತ್ತಿರದ ಮನೆಯೊಂದರಿಂದ ನಮ್ಮ ಪತ್ರಿಕೆಗೆ ದೂರು ಬಂದಿತ್ತು. ಮಾಷ್ಟ್ರು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, "ಬರೆಯುವುದು ಆಮೇಲೆ. ಇದನ್ನು ಸ್ವಲ್ಪ ಹಿಡಿಯಿರಿ, ಇವತ್ತು ಒಬ್ಬರು ಬಂದಿಲ್ಲ" ಎಂದು ದೊಡ್ಡ ಡ್ರಮ್ಮಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿದರು. ವರದಿ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಎರಡೂ ಕಡೆಯವರ ಮಾತಿನೊಂದಿಗೆ. ಅಭ್ಯಾಸವನ್ನು ಒಂದು ಗಂಟೆ ತಡವಾಗಿ ಶುರು ಮಾಡಿದ ಮೇಲೆ ದೂರು ನಿಂತಿತು. ಡ್ರಮ್ಮಿನ ಪಟ್ಟಿ ಮಾತ್ರ ನನ್ನ ಹೆಗಲಲ್ಲೇ ಉಳಿಯಿತು.

ಸಾಂಬಾದಲ್ಲಿ ದೊಡ್ಡ ಡ್ರಮ್ಮಿನ ಕೆಲಸ ಸರಳ, ಬೇಸರ ಹುಟ್ಟಿಸುವಂಥದ್ದು. ಒಂದಕ್ಕೆ ಸುಮ್ಮನಿರಬೇಕು, ಎರಡಕ್ಕೆ ಒಂದು ಪೆಟ್ಟು. ಮತ್ತೆ ಒಂದಕ್ಕೆ ಮೌನ, ಎರಡಕ್ಕೆ ಪೆಟ್ಟು. ಒಂದು ಗಂಟೆಯಾದರೂ ಅದೇ. "ಸಣ್ಣ ಡ್ರಮ್‌ನವರು ಮಾತಾಡಲಿ. ನೀವು ಹೂಂಗುಟ್ಟಿದರೆ ಸಾಕು" ಎಂದಿದ್ದರು ಮಾಷ್ಟ್ರು.

ನಮ್ಮ ತಂಡಕ್ಕೆ ಒಂದು ರೋಗವಿತ್ತು. ಬೇರೆ ಊರಿನ ಸಾಂಬಾ ತಂಡಕ್ಕೆ ಬರಲಾರದ ರೋಗ. ಈ ಸೀಮೆಯಲ್ಲಿ ಹುಟ್ಟಿದವರ ಕೈಗೆ ಹುಲಿವೇಷದ ಪೆಟ್ಟು ಮೊದಲೇ ಹತ್ತಿರುತ್ತದೆ. ಅಷ್ಟಮಿಯ ಹೊತ್ತಿಗೆ ತಾಸೆಯೆಂಬ ಚರ್ಮವಾದ್ಯದ ಸದ್ದು ಕೇಳಿದರೆ ತೊಟ್ಟಿಲ ಕೂಸೂ ಕಾಲು ಬಡಿಯುತ್ತದೆ. ಸಾಂಬಾ ಬಾರಿಸುತ್ತ ದಣಿವಾದಾಗ, ಗಮನ ಒಂದು ಕ್ಷಣ ಸಡಿಲವಾದಾಗ, ಸಣ್ಣ ಡ್ರಮ್ಮಿನ ಯಾರದೋ ಕೈ ಹುಲಿಯ ಪೆಟ್ಟಿಗೆ ಜಾರುತ್ತಿತ್ತು. ಪಕ್ಕದವರ ಕೈ ಹಿಂಬಾಲಿಸುತ್ತಿತ್ತು. ಅರ್ಧ ನಿಮಿಷದಲ್ಲಿ ಇಡೀ ತಂಡ ಹುಲಿ ಕುಣಿಸುತ್ತಿತ್ತು. "ಪಿಲಿ ಬತ್ತ್ಂಡ್!" ಎಂದು ರಿಕ್ಷಾ ಚಾಲಕ ತುಳುವಿನಲ್ಲಿ ಕೂಗುತ್ತಿದ್ದ. ಹುಲಿ ಬಂತು. ಬಾಗಲಕೋಟೆಯ ಅಕ್ಕ ಒಬ್ಬಳಿಗೆ ಈ ರೋಗವಿರಲಿಲ್ಲ. "ನಿಮ್ಮೂರ ಹುಲಿ ನಮ್ಮನ್ನೂ ತಿನ್ನಾಕತ್ತೈತಿ ನೋಡ್ರಿ" ಎಂದು ಬೈಯುತ್ತಿದ್ದಳು.

ಮಾಷ್ಟ್ರು ಮಾತ್ರ ಬೈದದ್ದಿಲ್ಲ. ಉದ್ದಕ್ಕೆ ಸೀಟಿ ಊದಿ ನಿಲ್ಲಿಸುತ್ತಿದ್ದರು. ಎಲ್ಲರೂ ಕೋಲು ಕೆಳಗಿಳಿಸಿ, ನಿಂತಲ್ಲೇ ಹೆಜ್ಜೆ ಹಾಕಬೇಕು. ಕಾಲು ಸರಿಯಾದ ಮೇಲೆ ಕೈ. "ಹುಲಿ ನಮ್ಮದೇ ಅಲ್ವಾ, ಅದರ ಮೇಲೆ ಎಂತ ಸಿಟ್ಟು? ಕರೆಯದೆ ಬರಬಾರದು, ಅಷ್ಟೆ."

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅವರು ನಿಲ್ಲುವ ಜಾಗ ಬದಲಾಯಿತು. ಎಲ್ಲರ ಎದುರು ನಿಲ್ಲುತ್ತಿದ್ದವರು ನನ್ನ ಪಕ್ಕಕ್ಕೆ ಬಂದು, ಎಡ ಅಂಗೈಯನ್ನು ದೊಡ್ಡ ಡ್ರಮ್ಮಿನ ಮೈಮೇಲೆ ಇಟ್ಟುಕೊಂಡು ಬಲಗೈಯಲ್ಲಿ ಸೂಚನೆ ಕೊಡತೊಡಗಿದರು. ಮೊಣಕಾಲಿಗೆ ಆಧಾರ ಬೇಕಾಗಿರಬೇಕು ಎಂದುಕೊಂಡೆ. ಒಂದು ದಿನ ಇಬ್ಬರೂ ಕಡಿಯಾಳಿಯಲ್ಲಿ ರಸ್ತೆ ದಾಟುವಾಗ ಕಾರಣ ತಿಳಿಯಿತು. ಬೆನ್ನ ಹಿಂದೆಯೇ ಎಕ್ಸ್‌ಪ್ರೆಸ್ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆದರೂ ಅವರು ತಿರುಗಲಿಲ್ಲ. ತೋಳು ಹಿಡಿದು ಎಳೆದೆ. ಹೋಟೆಲಿನಲ್ಲಿ ಕುಳಿತ ಮೇಲೆ ನನ್ನ ಬಾಯಿಯನ್ನೇ ನೋಡುತ್ತ ಹೇಳಿದರು.

"ಬಲದ ಕಿವಿ ಹೋಗಿ ವರ್ಷ ಆಯಿತು. ಎಡದ್ದೂ ಹೆಚ್ಚು ಕಡಿಮೆ ಹೋಯಿತು. ಮಿಷನ್ ಕೊಟ್ಟಿದ್ದಾರೆ. ಹಾಕಿದರೆ ತಗಡು ಎಳೆದ ಹಾಗೆ ಕೇಳುತ್ತದೆ."

"ಹಾಗಾದರೆ ಭಾನುವಾರ ಹೇಗೆ ನಡೆಸುತ್ತೀರಿ?"

"ನಿಮ್ಮ ಡ್ರಮ್ ಉಂಟಲ್ಲ. ಅಂಗೈಗೆ ಗೊತ್ತಾಗುತ್ತದೆ." ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದರು. "ಯಾರಿಗೂ ಹೇಳಬೇಡಿ. ಕಾರ್ಕಳ ಒಂದು ಮುಗಿಯಲಿ. ಆಮೇಲೆ ಸೀಟಿ ಬೇರೆಯವರಿಗೆ ಕೊಟ್ಟುಬಿಡುತ್ತೇನೆ."

ಕಾರ್ಕಳದ ಒಂದು ಶಾಲೆಯ ವಾರ್ಷಿಕೋತ್ಸವದ ಮೆರವಣಿಗೆಗೆ ನಮ್ಮನ್ನು ಕರೆದಿದ್ದರು. ಅದುವರೆಗೆ ನಾವು ಬಾರಿಸಿದ್ದೆಲ್ಲ ಬೇರೆಯವರ ಕಾರ್ಯಕ್ರಮದ ನಡುವೆ ಹತ್ತು ನಿಮಿಷ. ಇಲ್ಲಿ ಒಂದು ಗಂಟೆಯ ದಾರಿ, ಮುಂದೆ ನಾವೇ. ಒಮ್ಮೆ ಪೂರ್ತಿ ದಾರಿ ಸಾಂಬಾ ನಡೆಸಬೇಕೆನ್ನುವುದು ಅವರ ಆಸೆ. ಸುಳ್ಳು ಹೇಳು ಎಂದಿದ್ದರೆ ನಿರಾಕರಿಸುತ್ತಿದ್ದೆ. ಅವರು ಕೇಳಿದ್ದು ಸುಮ್ಮನಿರು ಎಂದು. ಎರಡು ತಿಂಗಳು ಸುಮ್ಮನಿದ್ದೆ.

ಆ ದಿನ ಬಿಸಿಲು ಬಿರುಸಾಗಿತ್ತು, ದಾರಿ ಏರು. ಮುಕ್ಕಾಲು ಗಂಟೆ ಎಲ್ಲವೂ ಸರಿಯಾಗಿ ನಡೆಯಿತು. ಮಾಷ್ಟ್ರು ಅಂಗೈಯನ್ನು ನನ್ನ ಡ್ರಮ್ಮಿಗೆ ಒತ್ತಿಕೊಂಡು ಅಡ್ಡಡ್ಡಲಾಗಿ ನಡೆಯುತ್ತಿದ್ದರು. ಕೊನೆಯ ಏರಿನಲ್ಲಿ ಹಿಂದಿನ ಸಾಲಿನಿಂದ ಹುಲಿ ಬಂತು. ಒಂದು ಸಾಲು, ಎರಡು ಸಾಲು. ನಾನು ಸೀಟಿಗಾಗಿ ಕಾದೆ. ಸೀಟಿ ಬರಲಿಲ್ಲ. ಇಪ್ಪತ್ತೊಂದು ಜನ ಹುಲಿ ಬಾರಿಸುತ್ತಿದ್ದರೂ ಅವರ ಅಂಗೈಗೆ ತಲುಪುತ್ತಿದ್ದುದು ನನ್ನ ಡ್ರಮ್ ಒಂದೇ.

ನಾನೂ ಹುಲಿಗೆ ಹೊರಳಿದ್ದರೆ ಬೀದಿಯಲ್ಲಿ ಒಂದು ನೆಟ್ಟಗಿನ ತಾಳವಾದರೂ ಇರುತ್ತಿತ್ತು. ಹೊರಳಿದ ಕೂಡಲೇ, ತಂಡ ಸಾಂಬಾ ಬಿಟ್ಟಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಹೊರಳಲಿಲ್ಲ. ಒಂದಕ್ಕೆ ಮೌನ, ಎರಡಕ್ಕೆ ಪೆಟ್ಟು. ಅವರ ಮುಖದಲ್ಲಿ ತೃಪ್ತಿಯಿತ್ತು. ಬಾಗಿದ ಬೆರಳು ಎತ್ತಿ ಮೊದಲನೆಯ ವರಸೆಗೆ ಕರೆದರು. ಯಾರೂ ನೋಡಲಿಲ್ಲ. ಎರಡು ತಾಳಗಳು ಒಂದನ್ನೊಂದು ತುಳಿದು, ಪಾತ್ರೆ ಅಂಗಡಿಯ ಕಪಾಟು ಉರುಳಿದಂತೆ ಕೇಳುತ್ತಿತ್ತು. ದಾರಿಬದಿಯಲ್ಲಿ ನಗು ಶುರುವಾಯಿತು.

"ಏನ್ರೀ ಪೇಪರ್‌ನೋರ, ನೀವೊಬ್ರ ಬ್ಯಾರೆ ಬಾರಿಸಾಕತ್ತೀರಿ!" ಅಕ್ಕ ಹಿಂದಿನಿಂದ ಕೂಗಿದಳು. "ಕಿವಿ ಇಲ್ಲೇನ್ ನಿಮಗ?"

ಮಾಷ್ಟ್ರಿಗೆ ಅದು ಕೇಳಿಸಲಿಲ್ಲ. ಅವರು ನೋಡಿದ್ದು ಕಾಲುಗಳನ್ನು. ಶಾಲೆಯ ಮಕ್ಕಳ ತಾಯಂದಿರು ಮೂರು ನಾಲ್ಕು ಮಂದಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬಾಗಿದ ಮೊಣಕಾಲಿನಲ್ಲಿ ಹುಲಿಹೆಜ್ಜೆ ಹಾಕುತ್ತಿದ್ದರು. ಸಾಂಬಾಕ್ಕೆ ಯಾರೂ ಹಾಗೆ ಕುಣಿಯುವುದಿಲ್ಲ. ಮಾಷ್ಟ್ರು ತಂಡದ ಕೈಗಳನ್ನು ನೋಡಿದರು. ಆಮೇಲೆ ನನ್ನ ಕೈಯನ್ನು. ಅಂಗೈಯನ್ನು ಡ್ರಮ್ಮಿನಿಂದ ತೆಗೆದರು.

"ಹುಲಿಯನ್ನೇ ಬಾರಿಸಿ" ಎಂದರು. ಕೊರಳಿನ ಸೀಟಿ ತೆಗೆದು ಅಕ್ಕನ ಕೈಗಿತ್ತು ದಾರಿಬದಿಗೆ ಸರಿದರು. ಹುಲಿ ನಮ್ಮನ್ನು ಶಾಲೆಯ ಗೇಟಿನವರೆಗೆ ಮುಟ್ಟಿಸಿತು. ಜನ ಚಪ್ಪಾಳೆ ತಟ್ಟಿದರು.

ಮರಳುವಾಗ ವ್ಯಾನಿನಲ್ಲಿ ಕಿವಿ ಹೋದದ್ದನ್ನು ಮಾಷ್ಟ್ರೇ ಎಲ್ಲರಿಗೂ ಹೇಳಿದರು. ಅಕ್ಕ ನನ್ನ ಕಡೆಗೆ ತಿರುಗಿದಳು.

"ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಊರ ಮಂದಿ ಸುದ್ದಿ ಎಲ್ಲಾ ಅಚ್ಚು ಹಾಕ್ತೀರಿ. ಇದೊಂದು ಹೇಳಾಕ ಬಾಯಿ ಬರಲಿಲ್ಲೇನ್ರಿ? ನಾವ್ ಅವ್ರ ಕೈನಾರ ನೋಡಿಕೋತ ಬಾರಿಸ್ತಿದ್ವಿ. ಅವ್ರನ್ನ ನಡುಬೀದ್ಯಾಗ ನಗೆಗೇಡು ಮಾಡಿದ್ರಿ."

ನಾನು ಮಾಷ್ಟ್ರ ಮುಖ ನೋಡಿದೆ. ಅವರು ನನ್ನ ಪರ ವಹಿಸಬಹುದೆಂಬ ನಿರೀಕ್ಷೆ ಇತ್ತೆಂದು ಒಪ್ಪಿಕೊಳ್ಳಬೇಕು. ಅವರು ಅಕ್ಕನ ತುಟಿಗಳನ್ನು ಓದಿ ಮುಗಿಸಿದ್ದರು.

"ಕೇಳಿಕೊಂಡದ್ದು ನಾನೇ, ತಪ್ಪು ನನ್ನದೂ ಉಂಟು" ಎಂದರು. "ಆದರೆ ಆ ಏರಿನಲ್ಲಿ ನೀವು ನನ್ನೊಬ್ಬನಿಗೆ ಬಾರಿಸಿದಿರಿ. ಇಪ್ಪತ್ತೊಂದು ಜನ ಇದ್ದರು."

ದನಿಯಲ್ಲಿ ಸಿಟ್ಟಿರಲಿಲ್ಲ. ಬನ್ನಂಜೆಯಲ್ಲಿ ಇಳಿದು ಕಾಪುವಿನ ಬಸ್ಸಿಗೆ ನಡೆದರು. ಅವರ ಹಿಂದೆ ಹೋಗಬೇಕೆನಿಸಿತು, ಆದರೆ ವ್ಯಾನಿನಲ್ಲೇ ಕುಳಿತೆ.

ಆಮೇಲೂ ಮೂರು ನಾಲ್ಕು ತಿಂಗಳು ಅವರು ಭಾನುವಾರ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅಕ್ಕನಿಗೆ ಸೂಚನೆಗಳನ್ನೆಲ್ಲ ಕಲಿಸಿದರು. ನಮ್ಮ ಕಾಲುಗಳನ್ನು ನೋಡಿ ಎಲ್ಲಿ ತಪ್ಪಿತೆಂದು ಹೇಳುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಿದ್ದರು. ಕಾರ್ಕಳದ ಮಾತು ಮತ್ತೆ ಬರಲಿಲ್ಲ. ಹೋದ ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾಪುವಿಗೆ ನಾವೆಲ್ಲ ಡ್ರಮ್ ಇಲ್ಲದೆ ಬರಿಗೈಯಲ್ಲಿ ಹೋಗಿ ಅಂಗಳದ ಅಂಚಿನಲ್ಲಿ ನಿಂತೆವು. ಮನೆಯವರಿಗೆ ಅವರು ಹಡಗಿನಿಂದ ಬಂದವರು, ಅಷ್ಟೆ; ಮಾಷ್ಟ್ರಲ್ಲ. ಸಾವಿನ ಸುದ್ದಿಯನ್ನು ನಾನೇ ಬರೆದೆ. ಕೊನೆಯ ವರ್ಷ ಕಿವಿ ಕೇಳಿಸದೆ ತಂಡ ನಡೆಸಿದ್ದರು ಎಂಬುದನ್ನೂ ಅವರ ಮಗಳ ಒಪ್ಪಿಗೆ ಕೇಳಿ ಸೇರಿಸಿದೆ.

ಕಳೆದ ಭಾನುವಾರ ಅಭ್ಯಾಸ ಮುಗಿದು ಎಲ್ಲರೂ ಡ್ರಮ್ ಕಟ್ಟುತ್ತಿದ್ದಾಗ ನಾನು ಅಕ್ಕನ ಬಳಿಗೆ ಹೋದೆ. ಎರಡು ಪಾಳಿ ಮುಗಿಸಿ ಬಂದವಳು, ಗೋಡೆಗೆ ಒರಗಿ ಕುಳಿತಿದ್ದಳು. ನಾನು ಏನೂ ಹೇಳದೆ ಮನೆಗೆ ಹೋಗಬಹುದಾಗಿತ್ತು.

"ನಿಮ್ಮ ಸೀಟಿ ಅರ್ಧ ಹೆಜ್ಜೆ ತಡವಾಗಿ ಬರುತ್ತಿದೆ" ಎಂದೆ.

ಅವಳು ಕೊರಳಿನ ಸೀಟಿಯನ್ನು ಕೈಗೆ ತೆಗೆದುಕೊಂಡಳು.

"ಯಾವಾಗಿಂದ?"

"ಇವತ್ತಿನಿಂದ."

"ನಿನ್ನಿ ಮುನ್ನೂರು ಚಪಾತಿ ಮಾಡೀನ್ರೀ" ಎಂದು ಗೊಣಗಿ, ಗೋಡೆ ಹಿಡಿದು ಎದ್ದಳು. ಹೊರಟಿದ್ದವರನ್ನು ಚಪ್ಪಾಳೆ ತಟ್ಟಿ ವಾಪಸು ಕರೆದಳು. ಎಲ್ಲರೂ ನನ್ನನ್ನು ಶಪಿಸುತ್ತಲೇ ಕಟ್ಟು ಬಿಚ್ಚಿದರು.