ಪಂಪಮ್ಮನ ಕೋಣೆಯ ಮೀಟರ್

ಕೊಟ್ಟೂರಿನ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಪಂಚಾಕ್ಷರಪ್ಪ ಮೀಸೆ ಚಿಗುರಿದ ಕಾಲದಿಂದ ತೂಕದ ಗುಮಾಸ್ತನಾಗಿದ್ದ. ತೊಂಬತ್ತೈದನೇ ಇಸವಿಯಲ್ಲಿ ಗಿರಣಿ ಮುಚ್ಚಿತು. ತಕ್ಕಡಿ ಹೋಯಿತು, ತೂಗುವ ಚಟ ಮಾತ್ರ ಮನೆಗೆ ಬಂತು. ಹೆಂಡತಿ ನಾಗಕ್ಕ ರೊಟ್ಟಿಗೆ ತೆಗೆಯುವ ಹಿಟ್ಟಿನ ಮೇಲೆ ಕೆಲವು ದಿನ ಕಣ್ಣಿಟ್ಟ. ಬಚ್ಚಲಿನ ಸೋಪು ಎಷ್ಟು ಸವೆಯಿತೆಂದು ನೋಡಿದ. ಕೊನೆಗೊಂದು ದಿನ ತಲೆಬಾಗಿಲ ಮೇಲಿನ ಕರೆಂಟ್ ಮೀಟರಿನ ಕಡೆ ತಲೆ ಎತ್ತಿದ. ಆ ಮನೆಗೆ ಶನಿ ಹೆಗಲೇರಿದ್ದು ಆವತ್ತೇ.

ಮೀಟರಿನ ಗಾಜಿನ ಹಿಂದೆ ಕೆಂಪು ಗೆರೆಯ ಒಂದು ಚಕ್ರ ತಿರುಗುತ್ತದಲ್ಲ, ಅದರ ಓಟ ನೋಡಿಯೇ ಅವನು ಮನೆಯಲ್ಲಿ ಏನೇನು ಹಚ್ಚಿದ್ದಾರೆಂದು ಹೇಳುವಷ್ಟು ಪಳಗಿದ. "ಏ ನಾಗಿ, ಬಚ್ಚಲ ದೀಪ ಯಾರ ಅಪ್ಪಂದು ಅಂತ ಉರಿಯಾಕ ಹತ್ತೈತಿ?" ಎಂದು ಪಡಸಾಲೆಯಿಂದಲೇ ಕೂಗುತ್ತಿದ್ದ. ಓಣಿಯವರು ಮೀಟರ್ ಪಂಚಾಕ್ಷರಪ್ಪ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದೆಂದೇ ತಿಳಿದ.

ಕೈಯಲ್ಲಿ ಕಸುಬಿತ್ತು, ಸುಳ್ಳೇಕೆ ಹೇಳಬೇಕು. ಗಿರಣಿಯ ಗುಜರಿಯಿಂದ ತಂದ ಮೋಟಾರಿಗೆ ಕಲ್ಲು ಕೂಡಿಸಿ ಸಾಣೆ ಯಂತ್ರ ಮಾಡಿದ. ನೀರಿನ ಡ್ರಮ್ಮು ತುಂಬಿದರೆ ತಾನೇ ಬಡಿದುಕೊಳ್ಳುವ ಗಂಟೆ ಮಾಡಿದ. ನೆರೆಹೊರೆಯ ಮಿಕ್ಸಿ, ಫ್ಯಾನುಗಳೆಲ್ಲ ಅವನ ಕೈಯಲ್ಲಿ ಮತ್ತೆ ಜೀವ ಪಡೆಯುತ್ತಿದ್ದವು. ಪಡಸಾಲೆಯ ತುಂಬ ತಂತಿ, ಮೊಳೆ, ಕಬ್ಬಿಣದ ಪುಡಿ. ಊಟಕ್ಕೆ ಕೂತರೆ ತಾಟಿನಲ್ಲಿ ಸ್ಕ್ರೂ ಸಿಗುತ್ತಿತ್ತು. ಇದಕ್ಕೆಲ್ಲ ಒಂದು ಸ್ವಂತ ಕೋಣೆ ಬೇಕೆಂಬ ಆಸೆ ಅವನ ತಲೆ ಹೊಕ್ಕಿತು. ಮನೆಯಲ್ಲಿದ್ದದ್ದು ಒಂದೇ ಕೋಣೆ, ಅಡುಗೆಮನೆಯ ಹಿಂದಿನದು. ಅದರಲ್ಲಿ ಅವನ ತಂಗಿ ಪಂಪಮ್ಮ ಇದ್ದಳು.

ಪಂಪಮ್ಮನನ್ನು ಇಟ್ಟಿಗಿ ಎಂಬ ಊರಿಗೆ ಕೊಟ್ಟಿದ್ದರು. ಗಂಡ ಸತ್ತ ವರ್ಷವೇ ಮೈದುನಂದಿರು ಅವಳನ್ನು ಹೊರಗೆ ಹಾಕಿದರು. ತವರಿಗೆ ಬಂದವಳ ಕೈ ಹಿಡಿದು, ಇನ್ನೂ ಬದುಕಿದ್ದ ತಂದೆ ನಾಲ್ಕು ಜನರ ಮುಂದೆ, "ಈ ಕೋಣಿ ನೀ ಇರೋತನಕ ನಿಂದು" ಎಂದಿದ್ದ. ಅಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಟ್ರಂಕು, ಒಂದು ಕಟ್ಟಿಗೆ ಒಲೆ, ಒಂದು ಬಲ್ಬು. ಯಂತ್ರ ಕಾಲಿನದು, ಇಸ್ತ್ರಿ ಕೆಂಡದ್ದು. ಓಣಿಯ ಹೆಂಗಸರ ಕುಪ್ಪಸ ಹೊಲಿದು ತನ್ನ ಹೊಟ್ಟೆ ತಾನು ಹೊರೆಯುತ್ತಿದ್ದಳು. ನಾಗಕ್ಕ ಒಂದು ಬಟ್ಟಲು ಸಾರು ಕೊಟ್ಟರೆ ಅವಳು ಆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಿದವಳೇ ಅಲ್ಲ. ಏನೂ ಇಲ್ಲದ ದಿನವೂ ತಳದಲ್ಲಿ ಚಿಟಿಕೆ ಸಕ್ಕರೆ ಇರುತ್ತಿತ್ತು. "ಬರೇ ಪಾತ್ರಿ ಕೊಟ್ರ ಋಣ ಹರಿದು ಹೋಗತೈತಂತ ಅತ್ತಿಗಿ" ಎನ್ನುತ್ತಿದ್ದಳು.

ತಂದೆಯ ಮಾತು ಮೀರಿ ತಂಗಿಯನ್ನು ಕುತ್ತಿಗೆ ಹಿಡಿದು ದಬ್ಬಿದರೆ ಊರು ಉಗಿಯುತ್ತದೆ. ಪಂಚಾಕ್ಷರಪ್ಪ ಹೊಸಪೇಟೆಯ ಗುಜರಿಯಿಂದ ಒಂದು ಹಳೇ ಮೀಟರ್ ತಂದ. ಉಜ್ಜಿ, ಎಣ್ಣೆ ಬಿಟ್ಟು, ಗಾಜು ಕೂಡಿಸಿ, ಪಂಪಮ್ಮನ ಕೋಣೆಗೆ ಹೋಗುವ ತಂತಿಗೆ ಸೇರಿಸಿ ಅವಳ ಬಾಗಿಲ ಪಕ್ಕದಲ್ಲೇ ಬಡಿದ. ಅಡುಗೆಮನೆಯಲ್ಲಿ ನಿಂತರೆ ಅದರ ಚಕ್ರ ಎದುರಿಗೇ ಕಾಣುತ್ತಿತ್ತು.

ಮೊದಲ ದಿನವೇ ಚಕ್ರ ಬಿರುಸಾಗಿ ಓಡಿತು.

"ಒಂದು ಬಲ್ಬಿಗೆ ಇದು ಇಷ್ಟು ತಿರುಗಂಗಿಲ್ಲ. ಏನಿಟ್ಟೀ ಒಳಗ?"

"ಬಲ್ಬು ಬಿಟ್ರ ಏನೈತಣ್ಣಾ ನನ್ನ ಹತ್ರ? ಬಂದು ನೋಡು."

ಅವನು ನಲವತ್ತರ ಬಲ್ಬು ಕಿತ್ತು ಜೀರೋ ಬಲ್ಬು ಹಾಕಿದ. ಚಕ್ರ ಓಡಿತು. ಆ ಮಂಕು ಬೆಳಕಿನಲ್ಲಿ ಸೂಜಿ ಪಂಪಮ್ಮನ ಬೆರಳಿಗೇ ಇಳಿಯಿತು. ಯಾರದೋ ಮದುವೆಯ ಕುಪ್ಪಸಕ್ಕೆ ರಕ್ತ ಹತ್ತಿ ಅವರು ಬೈದು ಹೋದರು. ಅವನು ಜೀರೋ ಬಲ್ಬನ್ನೂ ಕಿತ್ತ. ಆಗಲೂ ಚಕ್ರ ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಪಂಪಮ್ಮ ಕೋಣೆಗೆ ಬೀಗ ಹಾಕಿ ಗುಡಿಗೆ ಹೋದಾಗಲೂ ಹಾಗೇ. ಇದರಿಂದ ಪಂಚಾಕ್ಷರಪ್ಪನಿಗೆ ಅನುಮಾನ ಹೋಗಿ ಖಾತ್ರಿಯಾಯಿತು. ಎಲ್ಲೋ ಕರೆಂಟ್ ಒಲೆ ಬಚ್ಚಿಟ್ಟಿದ್ದಾಳೆ, ಅದು ತಾನೇ ಹತ್ತಿ ತಾನೇ ಆರುವ ಹಾಗೆ ಯಾರದೋ ಕೈಯಲ್ಲಿ ಮಾಡಿಸಿದ್ದಾಳೆ! ಪಾಪ, ಯಂತ್ರ ಬಲ್ಲವನ ಬುದ್ಧಿ ಯಂತ್ರದ ದಾರಿಯಲ್ಲೇ ಓಡಿತು.

ಒಂದು ಮಧ್ಯಾಹ್ನ ನಾಗಕ್ಕ ಫ್ರಿಜ್ಜು ತೊಳೆಯಲು ಕೂತಳು. ಅದು ಗಿರಣಿ ಸಾಹುಕಾರರ ಮನೆಯವರು ಬಳಸಿ ಬಿಟ್ಟ ಹಳೇ ಫ್ರಿಜ್ಜು. ಆ ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಫ್ರಿಜ್ಜಿರಲಿಲ್ಲ, ಅದಕ್ಕೇ ನಾಗಕ್ಕ ವಾರಕ್ಕೊಮ್ಮೆ ಅದರ ಮೈ ಒರೆಸುತ್ತಿದ್ದಳು. ಒಳಗೆ ಐಸು ಗಡ್ಡೆ ಕಟ್ಟಿತ್ತು. ಸ್ವಿಚ್ಚು ಆರಿಸಿ, ಬಾಗಿಲು ತೆಗೆದಿಟ್ಟು, ತಲೆ ಎತ್ತಿದಳು. ಎದುರಿನ ಮೀಟರಿನ ಚಕ್ರ ನಿಂತಿತ್ತು. ಐಸು ಕರಗಿ ತಟ್ಟೆ ತುಂಬುವವರೆಗೂ ನಿಂತೇ ಇತ್ತು. ಒರೆಸಿ ಸ್ವಿಚ್ಚು ಹಾಕಿದಳು. ಫ್ರಿಜ್ಜು ಗುರ್ ಎಂದಿತು, ಚಕ್ರ ಓಡಿತು.

ಆಗ ಅವಳಿಗೆ ನೆನಪಾಯಿತು. ಫ್ರಿಜ್ಜು ಬಂದ ದಿನ ಅಡುಗೆಮನೆಯಲ್ಲಿ ಅದಕ್ಕೆ ಪ್ಲಗ್ಗಿರಲಿಲ್ಲ. ಗಂಡನೇ ಗೋಡೆಗೆ ತೂತು ಕೊರೆದು, ಆಚೆ ಬದಿಯ ಪಂಪಮ್ಮನ ಬೋರ್ಡಿನಿಂದ ತಂತಿ ಎಳೆದು, ಮೇಲೆ ಸಿಮೆಂಟು ಮೆತ್ತಿದ್ದ. ಮೆತ್ತಿದವನು ಮರೆತಿದ್ದ. ಕಳ್ಳ ಕರೆಂಟು ಕುಡಿಯುತ್ತಿದ್ದದ್ದು ಪಂಪಮ್ಮನಲ್ಲ, ನಾಗಕ್ಕನ ಫ್ರಿಜ್ಜು.

ಹೇಳಬೇಕೆಂದು ಪಡಸಾಲೆಯ ಹೊಸ್ತಿಲ ತನಕ ಹೋದಳು. ಎದುರು ಮನೆಯ ಯರ್ರೆಪ್ಪ ಅಲ್ಲಿ ಕೂತಿದ್ದ. ಗಂಡ ಅವನಿಗೆ ತಂಗಿಯ ಕಳ್ಳತನವನ್ನು ಬಣ್ಣಿಸುತ್ತಿದ್ದ. ಈಗ ಹೇಳಿದರೆ ಗಂಡನ ಮುಖ ಊರ ಮುಂದೆ ಕಪ್ಪಾಗುತ್ತದೆ. ಅವನ ಮುಖ ಕಪ್ಪಾದ ದಿನಗಳಲ್ಲಿ ತನ್ನ ಬೆನ್ನು ಏನಾಗುತ್ತದೆಂದು ನಾಗಕ್ಕನಿಗೆ ಗೊತ್ತಿತ್ತು. ಇನ್ನೊಂದು ಮಾತೂ ಇತ್ತು. ಆ ಕೋಣೆ ಖಾಲಿಯಾದರೆ ಪಡಸಾಲೆಯ ಗುಜರಿಯೆಲ್ಲ ಅಲ್ಲಿಗೆ ಹೋಗುತ್ತದೆ, ಬಂದವರನ್ನು ಕೂರಿಸಲು ತನಗೂ ಒಂದು ಪಡಸಾಲೆ ಸಿಗುತ್ತದೆ. ನಾಗಕ್ಕ ಒಳಗೆ ಹೋಗಿ ಚಹಾಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಪಂಚಾಕ್ಷರಪ್ಪ ಯರ್ರೆಪ್ಪನನ್ನು ಸಾಕ್ಷಿಗೆಂದು ಕರೆದುಕೊಂಡು ತಂಗಿಯ ಕೋಣೆ ಹೊಕ್ಕ. ಹಿಂದೆಯೇ ಓಣಿಯ ಅರ್ಧ ಜನ ಬಾಗಿಲಲ್ಲಿ ನಿಂತರು. ಹಾಸಿಗೆ ಕೊಡವಿದ, ಹೊಲಿಗೆ ಯಂತ್ರ ಮಗುಚಿದ, ಒಲೆಯ ಬೂದಿ ಕೆದಕಿದ. ಕೊನೆಗೆ ಟ್ರಂಕಿಗೆ ಕೈ ಹಾಕಿದ.

"ಅದೊಂದು ಬ್ಯಾಡಣ್ಣಾ. ಅದರಾಗ ನಂದು ಏನೂ ಇಲ್ಲ."

ಹಾಗೆಂದದ್ದೇ ತಪ್ಪಾಯಿತು. ಅವನು ಟ್ರಂಕನ್ನು ಎತ್ತಿ ಬಾಗಿಲ ಹೊರಗೆ ಸುರಿದ. ಬಿದ್ದದ್ದು ಎರಡು ಸೀರೆ, ಒಂದು ಗಂಡಸಿನ ಅಂಗಿ, ಹಲ್ಲು ಮುರಿದ ಒಂದು ಬಾಚಣಿಗೆ. ಸತ್ತ ಗಂಡನ ಅಂಗಿ. ಮಡಿಕೆ ಬಿಚ್ಚದೆ ಇಟ್ಟಿದ್ದಳು. ಯರ್ರೆಪ್ಪ, "ಹೋಗ್ಲಿ ಬಿಡಪ್ಪ, ಒಲಿ ಗಿಲಿ ಏನಿಲ್ಲ" ಎಂದ. ಗುಂಪಿನಲ್ಲಿ ಯಾರೋ ನಕ್ಕರು. ಅಷ್ಟೂ ಹೊತ್ತು ಬಾಗಿಲ ಪಕ್ಕದ ಚಕ್ರ ತಿರುಗುತ್ತಲೇ ಇತ್ತು.

ಆ ನಗು ಪಂಚಾಕ್ಷರಪ್ಪನಿಗೆ ನಾಟಿತು. "ಇನ್ನ ಮ್ಯಾಲ ಈ ಕೋಣಿಗೆ ಕರೆಂಟೇ ಇಲ್ಲ. ಫ್ಯೂಜೇ ಕೀಳ್ತೀನಿ, ಏನು ಕದೀತಾಳೋ ನೋಡೂಣು!" ಎಂದು ಸ್ಟೂಲು ಎಳೆದು ಅವಳ ಬಾಗಿಲ ಮೀಟರಿನ ಕೆಳಗಿಟ್ಟು ಹತ್ತಿದ.

ನಾಗಕ್ಕ ಫ್ರಿಜ್ಜಿನ ಕಡೆ ನೋಡಿದಳು. ಫ್ಯೂಜು ಕಿತ್ತ ಗಳಿಗೆಗೇ ಫ್ರಿಜ್ಜು ನಿಲ್ಲುತ್ತದೆ. ಇಷ್ಟು ಜನರ ಮುಂದೆಯೇ ಎಲ್ಲ ಬಯಲಾಗುತ್ತದೆ. ಅವಳು ಓಡಿ ಹೋಗಿ ಗಂಡನ ಕಾಲು ಹಿಡಿದಳು.

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಹೆಣ್ಣುಮಗಳು ಕತ್ತಲಾಗ ಹ್ಯಾಂಗ ಇರ್ತಾಳ? ಒಂದು ಜೀರೋ ಬಲ್ಬರ ಇರ್ಲಿ. ನನ್ನ ಮಾತು ಒಂದು ನಡಸ್ರಿ."

ಹೆಂಡತಿ ಎಂದೂ ಹಾಗೆ ಬೇಡಿಕೊಂಡಿರಲಿಲ್ಲ. ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾದಿನಿಗಾಗಿ ಗಂಡನ ಕಾಲು ಹಿಡಿದವಳು ಎಂದು ನಾಗಕ್ಕನನ್ನು ಹೊಗಳಿದರು. ಪಂಚಾಕ್ಷರಪ್ಪ ದೊಡ್ಡ ಮನಸ್ಸು ಮಾಡಿದವನಂತೆ ಸ್ಟೂಲಿನಿಂದಿಳಿದು ಜೀರೋ ಬಲ್ಬು ಹಾಕಿಕೊಟ್ಟ.

ಜನ ಚದುರಿದ ಮೇಲೆ ಪಂಪಮ್ಮ ಅಡುಗೆಮನೆಗೆ ಬಂದು ನಾಗಕ್ಕನ ಎರಡೂ ಕೈ ಹಿಡಿದುಕೊಂಡಳು. "ಒಡಹುಟ್ಟಿದಾಂವ ಕಳ್ಳಿ ಅಂದ. ನೀ ಒಬ್ಬಾಕಿ ನನ್ನ ಪರ ನಿಂತಿ ಅತ್ತಿಗಿ. ಇದನ್ನ ನಾ ಸಾಯೋತನಕ ಮರಿಯಂಗಿಲ್ಲ." ನಾಗಕ್ಕನಿಗೆ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಅವಳ ಬೆನ್ನ ಹಿಂದೆ ಫ್ರಿಜ್ಜು ಗುರ್ ಎನ್ನುತ್ತಿತ್ತು. ಆಗ ಒಂದು ಮಾತು ಹೇಳಿದ್ದರೆ ಪಂಪಮ್ಮ ಆ ಕೋಣೆಯಲ್ಲೇ ಉಳಿಯುತ್ತಿದ್ದಳು. ನಾಗಕ್ಕ ಹೇಳಲಿಲ್ಲ.

ಎಂಟು ದಿನ ಕಳೆಯುವುದರೊಳಗೆ ಪಂಪಮ್ಮ ಇಟ್ಟಿಗಿಗೆ ಹೊರಟು ನಿಂತಳು. ಹೊರಗೆ ಹಾಕಿದ್ದ ಮೈದುನಂದಿರ ಮನೆಗೇ. ದನದ ಕೊಟ್ಟಿಗೆಯ ಮೂಲೆಯಲ್ಲಿ ಇರು, ಸಗಣಿ ಬಾಚು ಎಂದಿದ್ದರಂತೆ. "ಅಲ್ಲಿ ಯಾರೂ ನನ್ನ ಕಳ್ಳಿ ಅಂದಿಲ್ಲ" ಎಂದಳು. ಹೊಲಿಗೆ ಯಂತ್ರ ಮಾರಿಯಾಗಿತ್ತು. ಟ್ರಂಕು ಎತ್ತಿಕೊಳ್ಳುವಾಗ, "ಅತ್ತಿಗಿ, ನಿನ್ನ ಫ್ರಿಜ್ಜಿನಾಗ ಮಜ್ಜಿಗಿ ಇದ್ರ ಒಂದು ಡಬ್ಬಿಯಾಗ ಕೊಡು. ಬಿಸಿಲಿಗೆ ಬಸ್ಸಿನಾಗ ಬಾಯಿ ಒಣಗತೈತಿ" ಎಂದಳು. ನಾಗಕ್ಕ ಸ್ಟೀಲಿನ ಡಬ್ಬಿ ತುಂಬಿಸಿ ಕೊಟ್ಟಳು. ಪಂಪಮ್ಮ ಅದನ್ನು ಕೆನ್ನೆಗೆ ಒತ್ತಿ ಹಿಡಿದು, "ಎಷ್ಟು ತಂಪೈತಿ!" ಎಂದು ಹೋದಳು.

ಅದೇ ವಾರ ಪಂಚಾಕ್ಷರಪ್ಪ ತನ್ನ ಸಾಮಾನನ್ನೆಲ್ಲ ಆ ಕೋಣೆಗೆ ಸಾಗಿಸಿದ. ಸಾಣೆ ಯಂತ್ರ ಹೂಡಿದ, ಗೋಡೆಗೆ ಹಲಗೆ ಬಡಿದ. ಬೆವರೊರೆಸುತ್ತ ಬಾಗಿಲಿಗೆ ಬಂದವನು ಹಾಗೇ ನಿಂತ. ಕೋಣೆಯಲ್ಲಿ ಒಂದು ಸ್ವಿಚ್ಚೂ ಹಾಕಿರಲಿಲ್ಲ. ಚಕ್ರ ಓಡುತ್ತಿತ್ತು.

ಅವನು ಟೆಸ್ಟರ್ ಹಿಡಿದು ಹುಡುಕಿದ. ಬೋರ್ಡು ಬಿಚ್ಚಿದ, ಗೋಡೆ ತಟ್ಟಿದ, ಸಿಮೆಂಟು ಕೆದರಿದ. ತಂತಿ ಹಿಡಿದು ಅಡುಗೆಮನೆಗೆ ಬಂದು ಫ್ರಿಜ್ಜಿನ ಪ್ಲಗ್ಗು ಕಿತ್ತ. ತಿರುಗಿ ನೋಡಿದ. ಚಕ್ರ ನಿಂತಿತ್ತು. ನಾಗಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಈಗಲಾದರೂ ಚಪ್ಪಲಿ ಮೆಟ್ಟಿ ಇಟ್ಟಿಗಿಗೆ ಹೋಗಿ ತಂಗಿಯನ್ನು ಕರೆತರುತ್ತಾನೆಂದು ಮನಸ್ಸಿನಲ್ಲೇ ಕೊಟ್ಟೂರೇಶನಿಗೆ ಹರಕೆ ಹೊತ್ತಳು.

ಪಂಚಾಕ್ಷರಪ್ಪ ಕಿತ್ತ ಪ್ಲಗ್ಗನ್ನು ಫ್ರಿಜ್ಜಿನ ಮೇಲಿಟ್ಟ. ಆಮೇಲೆ ಕೇಳಿದ.

"ಅವತ್ತು ಫ್ಯೂಜು ಕೀಳಬ್ಯಾಡ್ರಿ ಅಂತ ಯಾಕ ಕಾಲು ಹಿಡ್ದಿ?"

ರೊಟ್ಟಿ ಹೊತ್ತಿತು. ಅವನು ಹೊಡೆಯಲಿಲ್ಲ, ಕೂಗಲೂ ಇಲ್ಲ. ಅವನ ಮುಖದ ಮೇಲೆ ನಿಧಾನವಾಗಿ ಗೆಲುವು ಬಂತು. ತಪ್ಪು ಹೊರಿಸಲು ಒಂದು ಹೆಗಲು ಸಿಕ್ಕಿತ್ತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ನಾದಿನಿಯ ಲೈನಿನಿಂದ ನಾಗಕ್ಕ ಕದ್ದು ಫ್ರಿಜ್ಜು ನಡೆಸುತ್ತಿದ್ದಳಂತೆ, ಸಿಕ್ಕಿಬೀಳುತ್ತೇನೆಂದೇ ಗಂಡನ ಕಾಲು ಹಿಡಿದು ನಾಟಕ ಮಾಡಿದಳಂತೆ. ಅದರಲ್ಲಿ ಅರ್ಧ ನಿಜವಿತ್ತು, ಆದ್ದರಿಂದ ನಾಗಕ್ಕ ಇಲ್ಲವೆನ್ನಲಾರದೆ ಹೋದಳು. ಕುರಿ ಕೊಳ್ಳಲು ಇಟ್ಟಿಗಿ ಕಡೆ ಹೊರಟಿದ್ದ ಯರ್ರೆಪ್ಪನ ಕೈಯಲ್ಲಿ ಪಂಚಾಕ್ಷರಪ್ಪ ತಂಗಿಗೂ ಅದೇ ಸುದ್ದಿ ಹೇಳಿ ಕಳಿಸಿದ. ಬಾ ಎಂದು ಮಾತ್ರ ಹೇಳಿ ಕಳಿಸಲಿಲ್ಲ. ಕೋಣೆ ಈಗ ತುಂಬಿತ್ತು.

ಮೀಟರನ್ನು ಅವನು ಪಂಪಮ್ಮನ ಬಾಗಿಲಿನಿಂದ ಬಿಚ್ಚಿ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಬಡಿದ. "ಇನ್ನ ನಿಂದು ನೋಡೂಣು" ಎಂದ.

ಯರ್ರೆಪ್ಪ ಕುರಿಗಳನ್ನು ಹೊಡೆದುಕೊಂಡು ಬಂದವನು ಹೊಸ್ತಿಲ ಹೊರಗೇ ನಿಂತು ನಾಗಕ್ಕನತ್ತ ಒಂದು ಸ್ಟೀಲಿನ ಡಬ್ಬಿ ಚಾಚಿದ. "ನಿಂದಂತಲ್ಲ ಇದು, ಪಂಪವ್ವ ಕೊಟ್ಲು."

"ಏನಂದ್ಲು?"

"ಏನೂ ಅನ್ನಲಿಲ್ಲ. ಸಗಣಿ ಕೈ ತೊಳಕೊಂಡು ಬಂದು, ಡಬ್ಬಿ ತೊಳದು, ಒರಸಿ ಕೊಟ್ಲು."

ನಾಗಕ್ಕ ಡಬ್ಬಿಯನ್ನು ಒಲೆಯ ಹತ್ತಿರ ತಂದು ಮುಚ್ಚಳ ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು. ನಂಬಿಕೆಯಾಗದೆ ತಳಕ್ಕೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು. ಒಂದು ಕಾಳು ಸಕ್ಕರೆಯೂ ಇರಲಿಲ್ಲ.